ತಮ್ಮ ಕೊರೆಸಿದ ಕಲ್ಮನೆ: ಬಾದಾಮಿಯ ಮೂರನೇ ಗುಹೆ ಮತ್ತು ಮಂಗಲೇಶನ ಕತೆ

(ಇತಿಹಾಸದಲ್ಲಿ ಆಸಕ್ತಿ ಇರುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾದಾಮಿ ನೋಡಿದವರು ಕೈ ಎತ್ತಿ ಅಂದೆ. ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ ಹೋಯಿತು. ಅಲ್ಲಿನ ಮೂರನೇ ಗುಹೆಯಲ್ಲಿ, ವರಾಹನ ಹತ್ತಿರದ ಗೋಡೆಗಂಬದ ಮೇಲಿರುವ ಬರಹ ನೋಡಿದವರು ಎಷ್ಟು ಜನ ಅಂದೆ. ಎರಡೋ ಮೂರೋ ಕೈ ಉಳಿದವು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆಳೆತ್ತರ ಮೀರಿದ ದೇವರುಗಳು ಎದುರಿಗೆ ನಿಂತಿರುವಾಗ ಮಾಸಿದ ಅಕ್ಷರಗಳ ಕಡೆ ಯಾರ ಕಣ್ಣು ಹೋಗುತ್ತದೆ? ಆದರೆ ಇವತ್ತು ನಾನು ಮಾತಾಡುವುದು ಆ ಅಕ್ಷರಗಳ ಬಗ್ಗೆ. ಅವನ್ನು ಓದಿಕೊಂಡು ನೋಡಿದರೆ ಗುಹೆ ಬೇರೆಯೇ ಕಾಣುತ್ತದೆ ಅನ್ನುವುದು ನನ್ನ ವಾದ. ಅದು ಬರೀ ಶಿಲ್ಪಕಲೆಯ ಜಾಗ ಅಲ್ಲ, ಒಂದು ಮನೆತನದ ಕಾಗದಪತ್ರ ಕೂಡ ಹೌದು.

ಮೊದಲು ಜಾಗದ ಪರಿಚಯ ಬೇಗ ಮುಗಿಸುತ್ತೇನೆ. ಎದುರುಬದುರಾಗಿ ಎರಡು ಕೆಂಪು ಬೆಟ್ಟ, ನಡುವೆ ಅಗಸ್ತ್ಯತೀರ್ಥ ಅನ್ನುವ ಕೆರೆ. ಬೆಟ್ಟ ಎಂದರೆ ಮರಳುಗಲ್ಲು, ಪದರ ಪದರವಾಗಿ ಕೂತ ಗಟ್ಟಿ ಕಲ್ಲು. ಉತ್ತರದ ಬೆಟ್ಟದ ಬಂಡೆಯ ಮೇಲೆ ಮೊದಲನೇ ಪುಲಕೇಶಿಯ ಶಾಸನ ಇದೆ. ಶಕ 465, ಅಂದರೆ ಕ್ರಿ.ಶ. 543ರಲ್ಲಿ ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಬೆಟ್ಟವನ್ನು ಕೋಟೆ ಮಾಡಿದೆ ಅಂತ ಅವನು ಹೇಳಿಕೊಂಡಿದ್ದಾನೆ. ಅಶ್ವಮೇಧ ಮಾಡಿದೆ ಅಂತಲೂ ಹೇಳುತ್ತಾನೆ. ಚಾಲುಕ್ಯರು ಊರು ಕಟ್ಟಿ ಕೂತದ್ದು ಹಾಗೆ. ನಾಲ್ಕು ಗುಹೆಗಳು ಇರುವುದು ಇದರ ಎದುರಿಗೆ, ದಕ್ಷಿಣದ ಬೆಟ್ಟದಲ್ಲಿ. ಮೇಣಬಸದಿ ಅಂತ ಕರೆಯುವುದು ಇವನ್ನೇ. ಮುಖ ಉತ್ತರಕ್ಕೆ ಇರುವುದರಿಂದ ಒಳಗೆ ನೇರ ಬಿಸಿಲು ಬೀಳುವುದು ಕಡಿಮೆ. ಕೋತಿಗಳ ಬಗ್ಗೆ ನಾನು ಹೇಳಬೇಕಿಲ್ಲ, ಒಮ್ಮೆ ಹೋದವರು ಯಾರೂ ಮರೆಯುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಇದೆ. ಒಂದು, ಎರಡು, ಮೂರು, ನಾಲ್ಕು ಅನ್ನುವುದು ಕೊರೆದ ಕಾಲದ ಕ್ರಮ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದು ಮೆಟ್ಟಿಲು ಹತ್ತುವಾಗ ನಮಗೆ ಸಿಗುವ ಕ್ರಮ, ಅಷ್ಟೇ. ನಾಲ್ಕರಲ್ಲಿ ಇಸವಿ ಬರೆದುಕೊಂಡಿರುವುದು ಮೂರನೆಯದು ಮಾತ್ರ. ಉಳಿದವನ್ನು ಅದರ ಪಕ್ಕ ಇಟ್ಟು, ಕಂಬ, ಕಿರೀಟ, ಮೈಕಟ್ಟು ಹೋಲಿಸಿ ವಿದ್ವಾಂಸರು ಕಾಲ ಹೇಳುತ್ತಾರೆ. ಹಾಗಾಗಿ ದಖ್ಖನಿನ ಗುಹೆಗಳ ಬಗ್ಗೆ ಯಾರು ಬರೆದರೂ ಈ ಮೂರನೇ ಗುಹೆಗೆ ಬಂದೇ ಬರುತ್ತಾರೆ. ಅಳತೆಗೋಲು ಇದು.

ಮೊದಲ ಗುಹೆ ಶಿವನದು. ಹದಿನೆಂಟು ಕೈಯ ನಟರಾಜ ಹೊರಗೇ ಇದ್ದಾನೆ. ಒಂದು ಕಡೆಯ ಒಂಬತ್ತು ಕೈ, ಇನ್ನೊಂದು ಕಡೆಯ ಒಂಬತ್ತು ಕೈ, ಗುಣಿಸಿದರೆ 81 ಭಂಗಿ ಅಂತ ಗೈಡುಗಳು ಹೇಳುತ್ತಾರೆ. ಗುಣಾಕಾರ ಸರಿಯಾಗಿದೆ. ಶಿಲ್ಪಿ ಹಾಗೆ ಲೆಕ್ಕ ಹಾಕಿ ಕೂತಿದ್ದನಾ ಅನ್ನುವುದು ಬೇರೆ ಮಾತು. ಒಳಗೆ ಹರಿಹರ, ಅರ್ಧನಾರೀಶ್ವರ, ಪಕ್ಕದಲ್ಲಿ ಎಲುಬಿನ ಗೂಡಾದ ಭೃಂಗಿ. ಎರಡನೆಯದು ವಿಷ್ಣುವಿನದು, ತ್ರಿವಿಕ್ರಮ ಮತ್ತು ವರಾಹ ಇದ್ದಾರೆ. ಚಾವಣಿಯಲ್ಲಿ ಮೀನುಗಳನ್ನೇ ಅರೆಕಾಲು ಮಾಡಿದ ಒಂದು ಚಕ್ರ ಇದೆ, ಕತ್ತು ನೋವಾದರೂ ನೋಡಿ. ನಾಲ್ಕನೆಯದು ಜೈನರದು, ಚಿಕ್ಕದು, ಉಳಿದವಕ್ಕಿಂತ ಈಚಿನದು. ಅಲ್ಲಿ ಬಳ್ಳಿ ಸುತ್ತಿಕೊಂಡ ಬಾಹುಬಲಿ ಇದ್ದಾನೆ. ಶ್ರವಣಬೆಳಗೊಳದ ಗೊಮ್ಮಟ ನಿಲ್ಲುವುದಕ್ಕೆ ಎಷ್ಟೋ ಮುಂಚೆ ಬಾದಾಮಿಯವರು ಅವನನ್ನು ಬಂಡೆಯಲ್ಲಿ ನಿಲ್ಲಿಸಿದ್ದರು.

ಈಗ ಮೂರನೆಯದಕ್ಕೆ ಬರೋಣ.

ಇದರ ಮೊಗಸಾಲೆ ಸುಮಾರು 70 ಅಡಿ ಉದ್ದ. ಮುಂದೆ ಆರು ದಪ್ಪ ಚೌಕ ಕಂಬ, ಎರಡು ಕೊನೆಯಲ್ಲಿ ಗೋಡೆಗೆ ಅಂಟಿದ ಅರೆಗಂಬ. ಕೆಳಗಿನ ಜಗತಿಯ ಉದ್ದಕ್ಕೂ ಕುಣಿಯುವ, ಕುಸ್ತಿ ಆಡುವ ಕುಳ್ಳ ಗಣಗಳು. ಒಳಗೆ ಹೋದರೆ ಕಂಬಗಳ ಮಂಟಪ, ಅದರ ಹಿಂಬದಿಯ ಗೋಡೆಯಲ್ಲಿ ಚಿಕ್ಕದೊಂದು ಚೌಕ ಗರ್ಭಗುಡಿ. ಅದು ಈಗ ಖಾಲಿ. ಪೀಠ ಇದೆ, ದೇವರಿಲ್ಲ.

ಕೊರೆದ ರೀತಿ ಸ್ವಲ್ಪ ಯೋಚನೆ ಮಾಡಿ. ಕಟ್ಟುವವನು ತಳದಿಂದ ಮೇಲಕ್ಕೆ ಹೋಗುತ್ತಾನೆ. ಕೊರೆಯುವವನು ಮೇಲಿಂದ ಕೆಳಕ್ಕೆ ಬರುತ್ತಾನೆ. ಚಾವಣಿ ಮೊದಲು, ನೆಲ ಕೊನೆಗೆ. ಕಂಬ ಎಂದರೆ ತಂದು ನಿಲ್ಲಿಸಿದ್ದಲ್ಲ, ಸುತ್ತಲಿನ ಕಲ್ಲು ತೆಗೆದ ಮೇಲೆ ಉಳಿದದ್ದು. ಕಟ್ಟಡದಲ್ಲಿ ಒಂದು ಕಲ್ಲು ಸೀಳಿದರೆ ಇನ್ನೊಂದು ತರಬಹುದು. ಇಲ್ಲಿ ವಿಷ್ಣುವಿನ ಮೂಗು ಮುಕ್ಕಾದರೆ ಮುಕ್ಕಾದಂತೆಯೇ. ಎಲ್ಲಿ ಏನು ಬರಬೇಕು ಅನ್ನುವುದು ಉಳಿ ಇಡುವ ಮೊದಲೇ ತಲೆಯಲ್ಲಿ ತಯಾರಿರಬೇಕು. ಇನ್ನೊಂದು ಮಜಾ ಇದೆ. ಚಾವಣಿಯಲ್ಲಿ ತೊಲೆಗಳನ್ನು ಕಡೆದಿದ್ದಾರೆ. ಇಡೀ ಬೆಟ್ಟವೇ ಚಾವಣಿ ಆಗಿರುವಾಗ ತೊಲೆ ಯಾಕೆ ಬೇಕು? ಬೇಕಿಲ್ಲ. ಕಟ್ಟಿದ ಗುಡಿ ಹೇಗಿರುತ್ತದೆ ಅಂತ ಆ ಕುಶಲಕರ್ಮಿಗಳಿಗೆ ಗೊತ್ತಿತ್ತು, ಬಂಡೆಯೊಳಗೂ ಅದೇ ರೂಪ ತಂದರು.

ಮೊಗಸಾಲೆಯ ಎಡ ತುದಿಯಲ್ಲಿ ಶೇಷನ ಸುರುಳಿಯ ಮೇಲೆ ವಿಷ್ಣು ಕೂತಿದ್ದಾನೆ. ಮಲಗಿಲ್ಲ, ಗಮನಿಸಿ. ರಾಜ ಒಡ್ಡೋಲಗದಲ್ಲಿ ಕೂರುವ ಹಾಗೆ ಕೂತಿದ್ದಾನೆ, ಹೆಡೆಗಳೇ ಕೊಡೆ. ಹತ್ತಿರದಲ್ಲೇ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಬಲ ತುದಿಯಲ್ಲಿ ನರಸಿಂಹ, ಆದರೆ ಉಗ್ರನಲ್ಲ. ಹಿರಣ್ಯಕಶಿಪು ಇಲ್ಲ, ಕರುಳು ಇಲ್ಲ. ಸುಮ್ನೆ ನಿಂತಿದ್ದಾನೆ. ನನಗೆ ಬಾದಾಮಿಯಲ್ಲಿ ಅತಿ ಇಷ್ಟವಾದ ಶಿಲ್ಪ ಇದೇ. ಕೋಪ ಮುಗಿದ ಮೇಲಿನ ನರಸಿಂಹನೋ, ಇನ್ನೂ ಶುರುವಾಗದ ನರಸಿಂಹನೋ ಅಂತ ಪ್ರತಿ ಸಲ ಅನ್ನಿಸುತ್ತದೆ. ಒಂದು ಕಾಲು ಆಕಾಶಕ್ಕೆ ಚಾಚಿದ ತ್ರಿವಿಕ್ರಮನೂ ಇದ್ದಾನೆ.

ಇವನ್ನೆಲ್ಲ ಬರೀ ಪುರಾಣ ಅಂತ ನೋಡಬೇಡಿ. ಚಾಲುಕ್ಯರ ಲಾಂಛನ ವರಾಹ. ನಾರಾಯಣನ ಕೃಪೆಯಿಂದ ನಮಗೆ ಈ ಲಾಂಛನ ಸಿಕ್ಕಿತು ಅಂತ ಅವರ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಭೂಮಿಯನ್ನು ಎತ್ತಿ ಹಿಡಿದವನು, ಭೂಮಿಯನ್ನು ಅಳೆದವನು, ಸಿಂಹಾಸನದಲ್ಲಿ ಕೂತವನು. ಹೊಸದಾಗಿ ರಾಜ್ಯ ಕಟ್ಟುತ್ತಿರುವ ಮನೆತನಕ್ಕೆ ಇದಕ್ಕಿಂತ ಒಳ್ಳೆಯ ದೇವರುಗಳ ಆಯ್ಕೆ ಇದೆಯೇ?

ತಲೆ ಎತ್ತಿದರೆ ಲೋವೆಯ ಒಳಬಾಗಿನಲ್ಲಿ ಬಣ್ಣದ ಗುರುತು ಕಾಣುತ್ತದೆ. ಗಾರೆಯ ಮೇಲೆ ಬರೆದ ಚಿತ್ರಗಳು. ಒಂದು ಅರಮನೆಯ ನೋಟ, ನಾಟ್ಯ, ವಾದ್ಯ. ಹಿಂದೂ ದೇವಾಲಯಗಳಲ್ಲಿ ಉಳಿದುಕೊಂಡ ಅತಿ ಹಳೆಯ ಚಿತ್ರಗಳಲ್ಲಿ ಇವು ಸೇರುತ್ತವೆ. ಈಗ ತುಂಬ ಮಾಸಿವೆ, ಮೊದಲೇ ಗೊತ್ತಿಲ್ಲದಿದ್ದರೆ ಕಲೆ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ.

ಇನ್ನು ಆ ಬರಹ. ಭಾಷೆ ಸಂಸ್ಕೃತ. ಲಿಪಿ ನಮ್ಮ ಕನ್ನಡ ಲಿಪಿಯ ಪೂರ್ವಜ. 19ನೇ ಶತಮಾನದಲ್ಲಿ ಶಾಸನ ವಿದ್ವಾಂಸ ಫ್ಲೀಟ್ ಇದನ್ನು ಓದಿ ಪ್ರಕಟಿಸಿದ. ಚಾಲುಕ್ಯ ಅರಸ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ, ಶಕರಾಜನ ಪಟ್ಟಾಭಿಷೇಕದಿಂದ 500 ವರ್ಷ ಕಳೆದಿವೆ, ಮಹಾಕಾರ್ತಿಕದ ಹುಣ್ಣಿಮೆ ಅಂತ ತಿಥಿ ಕೊಟ್ಟಿದೆ. ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ. ಇದೊಂದು ಸಾಲಿನಿಂದಲೇ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566-67ರಲ್ಲಿ ಅಂತ ಲೆಕ್ಕ ಸಿಗುತ್ತದೆ.

ಆದರೆ ಗುಹೆ ಕೊರೆಸಿದ್ದು ಕೀರ್ತಿವರ್ಮ ಅಲ್ಲ, ಅವನ ತಮ್ಮ ಮಂಗಲೇಶ. 'ರಣವಿಕ್ರಾಂತ' ಅನ್ನುವ ಬಿರುದು ಇದೆ, ಪರಮಭಾಗವತ ಅಂತ, ಅಂದರೆ ದೊಡ್ಡ ವಿಷ್ಣುಭಕ್ತ ಅಂತ ಹೇಳಿಕೊಂಡಿದ್ದಾನೆ. ತಾನು ಮಾಡಿಸಿದ್ದನ್ನು ಮಹಾವಿಷ್ಣುಗೃಹ ಅನ್ನುತ್ತಾನೆ. ದೇವರನ್ನೂ ಮನುಷ್ಯರನ್ನೂ ಮೀರಿದ ಅತ್ಯದ್ಭುತ ಕೆಲಸ, ನೆಲದಿಂದ ಮೇಲಿನವರೆಗೆ ನೋಡಲು ಬಲು ಚಂದ ಅಂತ ಹೊಗಳಿಕೊಂಡಿದ್ದಾನೆ. ಹೊಗಳಿಕೊಳ್ಳಲಿ ಬಿಡಿ, ಹಕ್ಕಿದೆ.

ಆಮೇಲೆ ಖರ್ಚಿನ ವಿಷಯ. ದೇವರಿಗೆ ಲಂಜಿಗೇಸರ ಅನ್ನುವ ಊರನ್ನು ಬಿಟ್ಟಿದ್ದಾನೆ. ಈಗಿನ ನಂದಿಕೇಶ್ವರ ಗ್ರಾಮವೇ ಅದು ಅಂತ ಗುರುತಿಸಲಾಗಿದೆ. ಆ ಊರಿನ ಹುಟ್ಟುವಳಿಯಿಂದ ನಾರಾಯಣಬಲಿಗಾಗಿ ದಿನಾ 16 ಜನ ಬ್ರಾಹ್ಮಣರಿಗೆ ಊಟ, ಉಳಿದದ್ದು ಊರೂರು ಅಲೆಯುವ ಪರಿವ್ರಾಜಕರಿಗೆ. ನಾವು ಟಿಕೆಟ್ ತೆಗೆದುಕೊಂಡು ಫೋಟೋ ಹೊಡೆಯುವ ಜಾಗದಲ್ಲಿ ಒಲೆ ಉರಿಯುವುದಕ್ಕೆ, ಎಲೆ ಹಾಕುವುದಕ್ಕೆ ಒಂದು ಊರಿನ ಆದಾಯವನ್ನೇ ಕಟ್ಟಿಟ್ಟಿದ್ದರು.

ಕೊನೆಯಲ್ಲಿ ಬರುವುದು ನನ್ನ ಪ್ರಕಾರ ಇಡೀ ಗುಹೆಯ ಅತಿ ಮುಖ್ಯ ಮಾತು. ಸೂರ್ಯ, ಅಗ್ನಿ ಮತ್ತು ನೆರೆದ ಜನರ ಎದುರಿಗೆ ಮಂಗಲೇಶ ನೀರು ಬಿಟ್ಟು ಕೊಡುತ್ತಾನೆ. ಏನನ್ನು? ಪುಣ್ಯವನ್ನು. ಈ ಕೆಲಸದಿಂದ ಬರುವ ಪುಣ್ಯವೆಲ್ಲ ಅಣ್ಣ ಕೀರ್ತಿವರ್ಮನಿಗೆ ಸೇರಲಿ. ಅಣ್ಣನ ಸೇವೆ ಮಾಡಿದ್ದರ ಫಲ ಏನಿದೆಯೋ ಅದು ಮಾತ್ರ ನನಗಿರಲಿ. ಊರು ಬರೆದುಕೊಡುವುದು, ಹೊನ್ನು ಕೊಡುವುದು ಶಾಸನಗಳಲ್ಲಿ ದಿನಾ ಕಾಣುವ ಸಂಗತಿ. ತಮ್ಮನೊಬ್ಬ ಹೀಗೆ ಪುಣ್ಯದ ಲೆಕ್ಕವನ್ನೇ ಅಣ್ಣನ ಹೆಸರಿಗೆ ಬರೆಸಿಕೊಡುವುದು ನನಗಂತೂ ಬೇರೆಡೆ ಸಿಕ್ಕಿಲ್ಲ.

ಗುಹೆಯ ಹೊರಗಿನ ಬಂಡೆಯ ಮೇಲೆ ಇನ್ನೊಂದು ಚಿಕ್ಕ ಶಾಸನ ಇದೆ, ಅದು ಕನ್ನಡದ್ದು. ಕನ್ನಡದ ಅತಿ ಹಳೆಯ ಶಾಸನಗಳ ಸಾಲಿಗೆ ಸೇರುತ್ತದೆ. ಅಲ್ಲಿ ಮಹಾವಿಷ್ಣುಗೃಹ ಗಿಹ ಏನೂ ಇಲ್ಲ. 'ಮಂಗಲೀಶನಾ ಕಲ್ಮನೆ' ಅಂತಿದೆ, ಮುಗಿಯಿತು. ಲಂಜಿಗೇಸರವನ್ನು ಕಲ್ಮನೆಗೆ ಕೊಟ್ಟದ್ದು, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಅರ್ಧ ವೀಸ ಕೊಟ್ಟದ್ದು ಬರೆದಿದೆ. ಇದನ್ನು ಅಳಿಸಿದವನು ಪಂಚಮಹಾಪಾತಕಿ, ಏಳನೇ ನರಕದ ಹುಳು ಆಗಲಿ ಅನ್ನುವ ಶಾಪವೂ ಇದೆ. ಸಂಸ್ಕೃತದ ಶಾಸನ ಸೂರ್ಯ ಮತ್ತು ಅಗ್ನಿಯ ಜೊತೆ ಮಾತಾಡಿದರೆ, ಇದು ಹೂವಿನವನ ಜೊತೆ ಮಾತಾಡುತ್ತದೆ. ಇಲ್ಲಿ ಮಂಗಲೇಶನಿಗೆ 'ಪೃಥಿವೀವಲ್ಲಭ' ಅನ್ನುವ ಬಿರುದು ಇದೆ. ಅದು ಅರಸರು ಇಟ್ಟುಕೊಳ್ಳುವ ಬಿರುದು. ಹಾಗಾಗಿ ಇದು ಅವನು ಪಟ್ಟಕ್ಕೆ ಬಂದ ಮೇಲೆ ಬರೆಸಿದ್ದು ಇರಬಹುದು ಅಂತ ನನ್ನ ಊಹೆ. ಅಣ್ಣನ ಹೆಸರು ಇದರಲ್ಲಿ ಇಲ್ಲ.

ಪಟ್ಟಕ್ಕೆ ಬಂದದ್ದು ಹೇಗೆ? 6ನೇ ಶತಮಾನದ ಕೊನೆಯ ದಶಕದಲ್ಲಿ ಕೀರ್ತಿವರ್ಮ ಇಲ್ಲವಾದ. ಅವನ ಮಗ ಪುಲಕೇಶಿ ಇದ್ದರೂ ಸಿಂಹಾಸನಕ್ಕೆ ಬಂದವನು ತಮ್ಮ ಮಂಗಲೇಶ. ಆಳ್ವಿಕೆ ಚೆನ್ನಾಗಿಯೇ ನಡೆಯಿತು. ಕಲಚುರಿ ಬುದ್ಧರಾಜನನ್ನು ಸೋಲಿಸಿದ, ಕೊಂಕಣದ ರೇವತೀದ್ವೀಪ ಗೆದ್ದ. 602ರ ಸುಮಾರಿನ ಮಹಾಕೂಟದ ಸ್ತಂಭದಲ್ಲಿ ಕಲಚುರಿಗಳ ಮೇಲಿನ ಗೆಲುವಿನ ಮಾತಿದೆ. ಮೊದಲನೇ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಿಗೆ ಹತ್ತು ಊರು ಕೊಟ್ಟ ಮಾತೂ ಇದೆ. ಅದರಲ್ಲಿ ಕೂಡ ಅಣ್ಣ ಕೀರ್ತಿವರ್ಮನ ದಿಗ್ವಿಜಯವನ್ನು ಮನಸಾರೆ ಹೊಗಳಲಾಗಿದೆ. ಅಣ್ಣನ ಮೇಲಿನ ಗೌರವ ಕಡಿಮೆ ಆಗಿರಲಿಲ್ಲ. ತಕರಾರು ಬಂದದ್ದು ಅಣ್ಣನ ಮಗನ ಜೊತೆ.

ಮುಂದಿನದು ನಮಗೆ ಗೊತ್ತಾಗುವುದು ಐಹೊಳೆಯ ಮೇಗುತಿ ಗುಡಿಯ ಶಾಸನದಿಂದ. 634ರದು, ಬರೆದವನು ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಆಶ್ರಯದ ಕವಿ. ಅವನ ಪ್ರಕಾರ, ಚಿಕ್ಕಪ್ಪನಿಗೆ ತನ್ನ ಮೇಲೆ ಅಸೂಯೆ ಇದೆ ಅಂತ ತಿಳಿದ ಪುಲಕೇಶಿ ಹೊರಟುಹೋದ. ಬಲ ಕೂಡಿಸಿಕೊಂಡು ತಿರುಗಿ ಬಂದ. ತನ್ನ ಮಗನಿಗೆ ರಾಜ್ಯ ಕೊಡಿಸುವ ಪ್ರಯತ್ನ, ಸ್ವಂತ ರಾಜ್ಯ, ಜೀವ, ಈ ಮೂರನ್ನೂ ಮಂಗಲೇಶ ಒಟ್ಟಿಗೆ ಕಳೆದುಕೊಂಡ. ಒಂದೆರಡು ಪದ್ಯದಲ್ಲಿ ಕತೆ ಮುಗಿಸಿದ್ದಾನೆ ರವಿಕೀರ್ತಿ. ಕವಿಯಾಗಿ ಅವನು ದೊಡ್ಡವನು, ಆದರೆ ಗೆದ್ದವನ ಕವಿ ಅನ್ನುವುದನ್ನು ನಾವು ಮರೆಯಬಾರದು. ಅನಂತಪುರ ಜಿಲ್ಲೆಯ ಪೆದ್ದವಡುಗೂರಿನಲ್ಲಿ ಒಂದು ಶಾಸನ ಇದೆ. 'ರಣವಿಕ್ರಮ'ನನ್ನು ಅಡಗಿಸಿದ ಮೇಲೆ ಎರೆಯತಿಯಡಿಗಳ್ ದಾನ ಕೊಟ್ಟ ಅಂತ ಅದರಲ್ಲಿದೆ. ಎರೆಯ ಅಂದರೆ ಪುಲಕೇಶಿ, ರಣವಿಕ್ರಮ ಅಂದರೆ ಮಂಗಲೇಶ ಅಂತ ವಿದ್ವಾಂಸರು ಓದುತ್ತಾರೆ. ಇದೆಲ್ಲ ಆದದ್ದು 610ರ ಹೊತ್ತಿಗೆ.

ಪುಲಕೇಶಿಯ ನಂತರದ ಬಾದಾಮಿ ಅರಸರ ತಾಮ್ರಪಟಗಳಲ್ಲಿ ವಂಶಾವಳಿ ಓದಿದರೆ ಮೊದಲನೇ ಪುಲಕೇಶಿ, ಕೀರ್ತಿವರ್ಮ, ಇಮ್ಮಡಿ ಪುಲಕೇಶಿ ಅಂತ ಹೋಗುತ್ತದೆ. ನಡುವೆ ಇದ್ದವನನ್ನು ಸದ್ದಿಲ್ಲದೆ ಬಿಟ್ಟಿದ್ದಾರೆ. ಆಸ್ತಿ ಜಗಳ ಆದ ಮನೆಗಳಲ್ಲಿ ಗೋಡೆಯ ಮೇಲಿನ ಫೋಟೋ ತೆಗೆಯುತ್ತಾರಲ್ಲ, ಹಾಗೆ.

ಕತೆ ಇಲ್ಲಿಗೂ ನಿಲ್ಲುವುದಿಲ್ಲ. ನಾಲ್ಕು ನೂರು ವರ್ಷ ಆದ ಮೇಲೆ ಕಲ್ಯಾಣದ ಚಾಲುಕ್ಯರು ಬಂದರು. ತಾವು ಬಾದಾಮಿಯವರ ವಂಶದವರು ಅಂತ ಹೇಳಿಕೊಂಡರು. 1009ರ ಕೌಥೇಂ ತಾಮ್ರಪಟದಲ್ಲಿ ಮಂಗಲೇಶ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆದರೆ ಹೇಗೆ? ಅಣ್ಣನ ಮಗ ಚಿಕ್ಕವನು ಅಂತ ಚಿಕ್ಕಪ್ಪ ರಾಜ್ಯಭಾರ ಹೊತ್ತ. ಹುಡುಗ ಪ್ರಾಯಕ್ಕೆ ಬಂದ ಕೂಡಲೇ ರಾಜ್ಯ ತಿರುಗಿ ಕೊಟ್ಟ. ಚಾಲುಕ್ಯರಲ್ಲಿ ಯಾರು ತಾನೇ ಧರ್ಮದ ದಾರಿ ಬಿಟ್ಟಾರು? ಇದು ಅವರ ವರದಿ. ಕಾಳಗ ಇಲ್ಲ, ಸಾವು ಇಲ್ಲ. ಮನೆತನದ ಮರ್ಯಾದೆ ಕಾಪಾಡಿಕೊಂಡರು.

ಒಬ್ಬನೇ ಮನುಷ್ಯ. 578ರಲ್ಲಿ ಅಣ್ಣನಿಗೆ ಪುಣ್ಯ ಧಾರೆ ಎರೆದ ತಮ್ಮ. 634ರಲ್ಲಿ ಅಸೂಯೆಯ ಚಿಕ್ಕಪ್ಪ. 1009ರಲ್ಲಿ ಧರ್ಮ ತಪ್ಪದ ಪಾಲಕ. ಇವುಗಳಲ್ಲಿ ಮಂಗಲೇಶನ ಸ್ವಂತ ಮಾತು ಮೊದಲನೆಯದು ಮಾತ್ರ. ಹಾಗಂತ ಅದೇ ಪೂರ್ತಿ ನಿಜ ಅಂತ ನಾನು ಹೇಳುವುದಿಲ್ಲ, ಶಾಸನ ಎಂದರೆ ಎಲ್ಲರೂ ಕೇಳಲಿ ಅಂತ ಆಡುವ ಮಾತು. ಆದರೆ ಅದನ್ನು ನಾಟಕ ಅಂತ ತಳ್ಳಿಹಾಕುವವರ ಜೊತೆಗೂ ನಾನಿಲ್ಲ. 578ರಲ್ಲಿ ಅಣ್ಣ ಗಟ್ಟಿಯಾಗಿ ಆಳುತ್ತಿದ್ದ. ತಮ್ಮನಿಗೆ ಪಟ್ಟ ಸಿಗುತ್ತದೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಮೂವತ್ತು ವರ್ಷದ ಮುಂದಿನ ಜಗಳವನ್ನು ಹಿಂದಕ್ಕೆ ಎಳೆದು ಆ ಹುಣ್ಣಿಮೆಯ ಮೇಲೆ ಹಾಕುವುದು ಸರಿಯಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಇಷ್ಟು ಚೆನ್ನಾಗಿ ಗುಹೆ ಕೊರೆಯುತ್ತಿದ್ದವರು ಆಮೇಲೆ ಯಾಕೆ ನಿಲ್ಲಿಸಿದರು ಅಂತ ಒಬ್ಬರು ಕೇಳಿದರು. ಒಮ್ಮೆಲೇ ನಿಲ್ಲಿಸಲಿಲ್ಲ. ಐಹೊಳೆಯ ರಾವಣಫಡಿ ಇದೆ, ನಾಲ್ಕನೇ ಗುಹೆ ಇದೆ. ಆದರೆ ಮನಸ್ಸು ಕಟ್ಟುವುದರ ಕಡೆ ಹೋಯಿತು. ಬಾದಾಮಿಯಲ್ಲೇ ಉತ್ತರದ ಬೆಟ್ಟದ ಮೇಲೆ ಮಾಲೆಗಿತ್ತಿ ಶಿವಾಲಯ ಬಂತು. 8ನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯ ವಿರೂಪಾಕ್ಷ ಬಂತು. ಗುಹೆಗೆ ಒಂದು ಕೊರತೆ ಇದೆ. ಅದಕ್ಕೆ ಒಳಗಿದೆ, ಹೊರಗಿಲ್ಲ. ಶಿಖರ ಇಲ್ಲ, ಸುತ್ತು ಬರಲಾಗುವುದಿಲ್ಲ, ದೂರದಿಂದ ಕಾಣುವುದಿಲ್ಲ. ಬೆಟ್ಟ ಎಲ್ಲಿದೆಯೋ ಅಲ್ಲೇ ಗುಡಿ ಮಾಡಬೇಕು. ದೊಡ್ಡದಾಗುತ್ತಿದ್ದ ರಾಜ್ಯಕ್ಕೆ ಅದು ಸಾಲಲಿಲ್ಲ ಅಂತ ಕಾಣುತ್ತದೆ.

ಗರ್ಭಗುಡಿಯ ದೇವರನ್ನು 642ರಲ್ಲಿ ಪಲ್ಲವರು ಒಯ್ದರಾ ಅಂತ ಇನ್ನೊಬ್ಬರು ಕೇಳಿದರು. ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಗೆದ್ದದ್ದು ನಿಜ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ. ಸುಮಾರು 13 ವರ್ಷ ಊರು ಅವರ ಕೈಯಲ್ಲಿತ್ತು, ಆಮೇಲೆ ಒಂದನೇ ವಿಕ್ರಮಾದಿತ್ಯ ಬಿಡಿಸಿಕೊಂಡ. ಆದರೆ ಮೂರ್ತಿ ಕಾಣೆಯಾದದ್ದನ್ನು ಪಲ್ಲವರ ತಲೆಗೆ ಕಟ್ಟಲು ಆಧಾರ ಇಲ್ಲ. ಮೊಗಸಾಲೆಯ ವರಾಹ, ಶತ್ರುವಿನ ಲಾಂಛನವೇ ಅದು, ನಿಂತಲ್ಲೇ ನಿಂತಿದ್ದಾನೆ ನೋಡಿ.

ಹೋಗುವವರಿಗೆ ಒಂದೆರಡು ಮಾತು. ಶಾಸನ ಓದಬೇಕು ಅಂದರೆ ನೇರ ಎದುರಿಗೆ ನಿಂತು ಪ್ರಯೋಜನ ಇಲ್ಲ. ಬೆಳಕು ಪಕ್ಕದಿಂದ ಬೀಳುವ ಹಾಗೆ ನೋಡಿಕೊಳ್ಳಿ, ಆಗ ಅಕ್ಷರ ಏಳುತ್ತವೆ. ಸುಣ್ಣ, ಚಾಕ್ ಹಚ್ಚಬೇಡಿ, ಕೈಯಿಂದ ಒರೆಸಬೇಡಿ. ಮೇಗುತಿಯ ಶಾಸನ ಗುಡಿಯ ಹೊರಗೋಡೆಯಲ್ಲೇ ಇದೆ, ಐಹೊಳೆಯಲ್ಲಿ ಬೆಟ್ಟ ಹತ್ತಿದರೆ ಸಿಗುತ್ತದೆ. ಮಹಾಕೂಟದ ಸ್ತಂಭ ಹುಡುಕಿಕೊಂಡು ಮಾತ್ರ ಮಹಾಕೂಟಕ್ಕೆ ಹೋಗಬೇಡಿ. ಅದು ಈಗ ವಿಜಯಪುರದಲ್ಲಿ, ಗೋಳಗುಮ್ಮಟದ ಆವರಣದ ಮ್ಯೂಸಿಯಂನಲ್ಲಿ ಇದೆ.